ಎಣಿಸದೆ ಮುಚ್ಚದ ಬಾಯಮ್ಮ

ಹೋದ ತಿಂಗಳು ನಮ್ಮ ಮನೆಗೆ ಎರಡು ಸಾಮಾನು ಬಂದವು. ಒಂದು ಸ್ಟೀಲಿನ ಚಹಾ ಲೋಟ. ಅದರ ಹೊಟ್ಟೆಯ ಮೇಲೆ ಆಸ್ಪತ್ರೆಯ ಬಿಳಿ ಪ್ಲಾಸ್ಟರಿನ ತುಂಡು ಅಂಟಿಸಿ, ನೀಲಿ ಪೆನ್ನಿನಲ್ಲಿ ‘ಭಟ್ರು’ ಎಂದು ಬರೆದಿತ್ತು. ಇನ್ನೊಂದು ಹಸಿರು ಬಣ್ಣದ ತಗಡಿನ ಪೆಟ್ಟಿಗೆ, ನಟ್ಟು ತಿರುಗಿಸುವ ಪಾನ, ಸುತ್ತಿಗೆ, ಇಕ್ಕಳ ಇಡುವಂಥದ್ದು. ತಂದುಕೊಟ್ಟವಳು ಬಾಯಮ್ಮನ ತಮ್ಮನ ಮಗಳು. “ಆಂಟಿ ಚೀಟಿ ಬರೆದಿಟ್ಟಿದ್ರು ಸರ್, ಈ ಎರಡು ನಿಮಗೆ ಅಂತ,” ಎಂದಳು. ಬಾಯಮ್ಮ ತೀರಿಕೊಂಡು ಆಗ ಎರಡು ವಾರವೂ ಆಗಿರಲಿಲ್ಲ.

ನಮ್ಮ ಕಡೆ ತುಳು ಮಾತಾಡುವವರು ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುವುದು ರೂಢಿ. ಹೆಸರು ಗೊತ್ತಿದ್ದರೂ ಹೆಸರು ಹಿಡಿದು ಕರೆಯುವುದಿಲ್ಲ. ಕುಲಶೇಖರದಲ್ಲಿ ಅವರದೂ ನಮ್ಮದೂ ಒಂದೇ ಕಾಂಪೌಂಡ್ ಗೋಡೆಯ ಆಚೆ ಈಚೆ. ನಾನು ಕೊನೆಯವರೆಗೂ ಬಾಯಮ್ಮ ಎಂದೆ, ಅವರು ಕೊನೆಯವರೆಗೂ ಭಟ್ರೇ ಎಂದರು. ನಮ್ಮ ಮನೆತನದ ದೇವಸ್ಥಾನದ ಪೂಜೆ ಅಣ್ಣನ ಪಾಲಿಗೆ ಹೋಗಿ, ನನ್ನ ಪಾಲಿಗೆ ಹೈಸ್ಕೂಲಿನ ಗಣಿತ ಬಂದಿತ್ತು. ‘ಮಂತ್ರ ಬಾರದ ಭಟ್ರು’ ಎಂದು ಅದಕ್ಕೂ ತಮಾಷೆ ಮಾಡುತ್ತಿದ್ದರು. ನಮ್ಮ ಮಾತು ನಡೆಯುತ್ತಿದ್ದುದು ತುಳುವಿನಲ್ಲಿ, ಸಿಟ್ಟು ಬಂದರೆ ಅವರದು ಕೊಂಕಣಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಗಿಡ್ಡ ಆಳು. ನೈಟಿಯ ಮೇಲೊಂದು ಗಂಡಸರ ಹಳೆಯ ಶರ್ಟು, ಶರ್ಟಿನ ಕಿಸೆಯಲ್ಲಿ ಪೆನ್ನು ಮತ್ತು ಪ್ಲಾಸ್ಟರಿನ ಸುರುಳಿ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಮೂವತ್ತೊಂದು ವರ್ಷ ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸಾಗಿದ್ದು ಊರಿಗೆ ಬಂದವರು. ಅವರು ಥಿಯೇಟರು ಬಿಟ್ಟರೂ ಥಿಯೇಟರು ಅವರನ್ನು ಬಿಟ್ಟಿರಲಿಲ್ಲ. ಉಪ್ಪಿನಕಾಯಿ ಭರಣಿಯಿಂದ ಹಿಡಿದು ಗ್ಯಾಸ್ ಸಿಲಿಂಡರಿನವರೆಗೆ ಎಲ್ಲದರ ಮೇಲೂ ಪ್ಲಾಸ್ಟರು, ತಾರೀಕು, ಸಹಿ. ತೆಂಗಿನಕಾಯಿ ಕೊಯ್ಯಲು ಬಂದವನಿಗೆ ಮರ ಹತ್ತುವ ಮೊದಲು ಕೈ ತೊಳೆಯಲು ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನು ಆಮೇಲೆ ಆ ಮನೆಗೆ ಬರಲಿಲ್ಲ.

ಲೋಟದ ಕತೆ ಹೇಳಬೇಕು. ಅವರ ಮನೆಯಲ್ಲಿ ಮೀನು ಮಾಂಸ ಆಗುತ್ತದೆ, ನನಗೆ ಆಗುವುದಿಲ್ಲ. ಮೊದಲ ದಿನ ಚಹಾ ಕೊಟ್ಟಾಗ ನಾನು ಈಗಷ್ಟೇ ಕುಡಿದು ಬಂದೆ ಎಂದು ಸುಳ್ಳು ಹೇಳಿದೆ. ಮರುದಿನ ಹೊಸ ಲೋಟ ಬಂತು. “ಇದು ನಿಮ್ಮದೇ ಭಟ್ರೇ. ಇದಕ್ಕೆ ಬೇರೆ ಬ್ರಶ್ಶು, ಬೇರೆ ಕಪಾಟು. ಇನ್ನು ಬೇಡ ಅಂದ್ರೆ ಚಹಾ ಬೇಡ ಅಂತ ಅಲ್ಲ, ನಾನು ಬೇಡ ಅಂತ ಅರ್ಥ.” ಹಾಗೆ ಹೇಳಿದ ಮೇಲೆ ಕುಡಿಯದೆ ಇರುವುದು ಹೇಗೆ? ನನ್ನ ಸುಳ್ಳು ಅವರಿಗೆ ಗೊತ್ತಾಗಿತ್ತು ಎಂಬುದನ್ನು ಆಗಲೇ ಗಮನಿಸಿಕೊಳ್ಳಬೇಕಿತ್ತು.

ಮನೆಯಲ್ಲಿ ಇದ್ದದ್ದು ಇಬ್ಬರೇ, ಬಾಯಮ್ಮ ಮತ್ತು ಅವರಿಗಿಂತ ನಾಲ್ಕು ವರ್ಷ ಹಿರಿಯ ಅಕ್ಕ. ಅಕ್ಕನನ್ನು ನಾವು ದೊಡ್ಡ ಬಾಯಮ್ಮ ಎನ್ನುತ್ತಿದ್ದೆವು. ಇಬ್ಬರಿಗೂ ಮದುವೆ ಆಗಿರಲಿಲ್ಲ. ತಂಗಿ ಗಲ್ಫಿನಲ್ಲಿ ದುಡಿದರು, ಅಕ್ಕ ಇಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡರು. ತಾಯಿ ಹೋಗುವ ಹೊತ್ತಿಗೆ ಅಕ್ಕನಿಗೆ ವಾತ ಹಿಡಿದು ಗಂಟುಗಳೆಲ್ಲ ಬಿಗಿದಿದ್ದವು. ಪ್ರತಿ ರಜೆಯಲ್ಲೂ ತಂಗಿ ಬಂದು ಹೇಳುತ್ತಿದ್ದ ಮಾತು ಒಂದೇ, ಕೆಲಸ ಬಿಟ್ಟು ಬಂದ ಮೇಲೆ ನಿನ್ನನ್ನು ಊರೆಲ್ಲ ತಿರುಗಿಸ್ತೇನೆ ಅಂತ. ಬಿಟ್ಟು ಬಂದಾಗ ಅಕ್ಕ ಗಾಲಿಕುರ್ಚಿಯಲ್ಲಿದ್ದರು.

ಕಾರಿನಲ್ಲಿ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಕಾರಿಗೆ ಎತ್ತಬೇಕು, ಕಾರಿನಿಂದ ಇಳಿಸಬೇಕು, ಹೋದ ಕಡೆಯಲ್ಲೆಲ್ಲ ಮೂರು ಮೆಟ್ಟಿಲು, ಬಚ್ಚಲಿಗೂ ಯಾರಾದರೂ ಎತ್ತಿಕೊಂಡೇ ಹೋಗಬೇಕು. “ಅಕ್ಕಿಮುಡಿ ಎತ್ತಿದ ಹಾಗೆ ನನ್ನನ್ನು ಎತ್ತುವುದನ್ನು ಜನ ನಿಂತು ನೋಡ್ಬೇಕಾ? ಬೇಡ ಮಾರಾಯ್ರೆ. ನಾನು ಇಲ್ಲೇ ಲಾಯ್ಕ ಇದ್ದೇನೆ,” ಎನ್ನುತ್ತಿದ್ದರು ದೊಡ್ಡ ಬಾಯಮ್ಮ. ಅವರ ನಾಲಿಗೆಗೆ ಮಾತ್ರ ವಾತ ತಾಗಿರಲಿಲ್ಲ. “ಅವಳು ಮೂವತ್ತು ವರ್ಷ ವಿಮಾನ ನೋಡಿದ್ಲು, ನಾನು ಮೂವತ್ತು ವರ್ಷ ಈ ಫ್ಯಾನು ನೋಡಿದೆ ಭಟ್ರೇ. ಫ್ಯಾನೂ ತಿರುಗ್ತದೆ, ಎಲ್ಲಿಗೂ ಹೋಗುವುದಿಲ್ಲ.” ಇದನ್ನು ನಗುತ್ತಲೇ ಹೇಳುತ್ತಿದ್ದರು. ಬಾಯಮ್ಮ ಮಾತ್ರ ಆಗ ಎದ್ದು ಒಳಗೆ ಹೋಗುತ್ತಿದ್ದರು.

ಗಲ್ಫಿನಲ್ಲಿ ಚಳಿಗಾಲ ಬಂತೆಂದರೆ ಅಲ್ಲಿನವರು ಮರುಭೂಮಿಗೆ ಹೋಗಿ ಬಿಡಾರ ಹೂಡುತ್ತಾರಂತೆ. ಒಮ್ಮೆ ಯಾರೋ ರೋಗಿಯ ಮನೆಯವರು ಬಾಯಮ್ಮನನ್ನೂ ಕರೆದೊಯ್ದಿದ್ದರು. ಅಲ್ಲಿ ಕಾರಿನ ಹಿಂದೆ ಎಳೆದುಕೊಂಡು ಬಂದ ಒಂದು ಚಕ್ರದ ಮನೆ. ಅದರೊಳಗೆ ಮಂಚದ ಮೇಲೆ ಏಳಲಾಗದ ಒಬ್ಬಳು ಅಜ್ಜಿ, ಮಂಚದ ಎತ್ತರಕ್ಕೇ ಕಿಟಕಿ. ಅಜ್ಜಿ ಮಲಗಿದಲ್ಲಿಂದಲೇ ಹೊರಗೆ ಆಡುತ್ತಿದ್ದ ಮೊಮ್ಮಕ್ಕಳಿಗೆ ಬೈಯುತ್ತಿದ್ದಳು. “ಆ ಅಜ್ಜಿಯನ್ನು ಯಾರೂ ಎತ್ತಲಿಲ್ಲ ಭಟ್ರೇ. ಮನೆಯೇ ಅವಳ ಜೊತೆ ಬಂದಿತ್ತು,” ಎಂದು ಬಾಯಮ್ಮ ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಹನ್ನೊಂದನೆಯ ಸಲ ಹೇಳಿದ ದಿನ ನನ್ನ ಸ್ಕೂಟರಿನ ಹಿಂದೆ ಕೂತು, “ಪಂಪ್‌ವೆಲ್‌ಗೆ ಬಿಡಿ,” ಎಂದರು.

ಪಂಪ್‌ವೆಲ್‌ನ ಆಚೆ ಒಬ್ಬ ಬ್ಯಾರಿ ಕಾಕನ ಗುಜರಿ ಅಂಗಡಿ. ಅಲ್ಲಿ ದೋಣಿ ಸಾಗಿಸುವ ಟ್ರೈಲರಿನ ಅಡಿಗಟ್ಟು ಒಂದು ಬಿದ್ದಿತ್ತು. ಒಂದು ಅಚ್ಚು, ಎರಡು ಚಕ್ರ, ಮುಂದೆ ಕೊಕ್ಕೆ ಸಿಕ್ಕಿಸುವ ಮೂತಿ. ಉಪ್ಪುನೀರು ತಿಂದು ತಿಂದು ಕೆಂಪಾಗಿತ್ತು. ಬಾಯಮ್ಮ ನೈಟಿ ಸಮೇತ ನೆಲಕ್ಕೆ ಮಲಗಿ ಅದರಡಿಗೆ ತೂರಿ, ಸಣ್ಣ ಸುತ್ತಿಗೆಯಿಂದ ಡಾಕ್ಟರರು ಎದೆ ಬಡಿದು ನೋಡಿದ ಹಾಗೆ ಒಂದೊಂದೇ ಕಡೆ ಬಡಿದು ಕಿವಿಯಿಟ್ಟು ಕೇಳಿದರು.

“ಎಂತ ಬಾಯಮ್ಮ, ದೋಣಿ ತೆಗೀಲಿಕ್ಕುಂಟಾ?” ಎಂದರು ಕಾಕ.

“ದೋಣಿ ಅಲ್ಲ ಕಾಕ, ಮನೆ. ಎರಡು ಕಡೆ ಮಾತ್ರ ಹುಳುಕು ಉಂಟು, ಉಳಿದದ್ದು ಗಟ್ಟಿ. ಆ ಎರಡನ್ನು ಕತ್ತರಿಸಿ ತೆಗೀರಿ, ಹೊಸ ಪೈಪ್ ಹಾಕಿ ವೆಲ್ಡ್ ಮಾಡಿ.”

ಕಾಕ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಸ್ಕೂಟರಿನಲ್ಲಿ ವಾಪಸು ಬರುವಾಗ ಬಾಯಮ್ಮ ವಿವರಿಸಿದರು. ದೋಣಿ ನೀರಿಗೆ ಜಾರಬೇಕಾದ್ದರಿಂದ ಅಂಥ ಟ್ರೈಲರು ನೆಲಕ್ಕೆ ತೀರಾ ಹತ್ತಿರ ಇರುತ್ತದಂತೆ. ನೆಲಕ್ಕೆ ಹತ್ತಿರ ಎಂದರೆ ಮೆಟ್ಟಿಲು ಬೇಡ. ಮೆಟ್ಟಿಲು ಬೇಡ ಎಂದರೆ ಯಾರೂ ಎತ್ತುವುದು ಬೇಡ. ಒಂದು ಹಲಗೆ ಇಳಿಬಿಟ್ಟರೆ ಅಕ್ಕನ ಕುರ್ಚಿ ತಾನಾಗಿ ಒಳಗೆ. ಆರು ತಿಂಗಳಿಂದ ಅವರು ಗುಜರಿ ಅಂಗಡಿಗಳಿಗೆಲ್ಲ ಫೋನು ಮಾಡಿ ದೋಣಿ ಟ್ರೈಲರು ಉಂಟಾ ಎಂದು ಕೇಳುತ್ತಿದ್ದರೆಂದು ನನಗೆ ಆವತ್ತು ಗೊತ್ತಾಯಿತು.

ನವರಾತ್ರಿ ಕಳೆದು ಶುರುವಾದ ಕೆಲಸ ಮೇ ತಿಂಗಳವರೆಗೆ ನಡೆಯಿತು. ಚೌಕ ಪೈಪಿನ ಎಲುಬುಗೂಡನ್ನು ಕಾಕನ ವೆಲ್ಡರು ಕಟ್ಟಿಕೊಟ್ಟ. ಉಳಿದದ್ದೆಲ್ಲ ಬಾಯಮ್ಮನ ಕೈಕೆಲಸ. ಒಳಗೆ ಪ್ಲೈವುಡ್, ನಡುವೆ ಬಿಸಿಲು ತಡೆಯಲು ಥರ್ಮೋಕೋಲ್, ಹೊರಗೆ ಅಲ್ಯೂಮಿನಿಯಂ ಶೀಟು. ರಿವೆಟ್ ಹೊಡೆಯುವುದನ್ನು ವೆಲ್ಡರಿನಿಂದ ಕಲಿತು, ಮೂರನೇ ದಿನಕ್ಕೆ ಅವನ ರಿವೆಟ್ಟಿನಲ್ಲೇ ತಪ್ಪು ತೋರಿಸಿದರು. ನನ್ನ ಕೆಲಸ ಹಿಡಿದುಕೊಳ್ಳುವುದು. “ಗಟ್ಟಿ ಹಿಡೀರಿ ಭಟ್ರೇ, ಅದು ನೈವೇದ್ಯದ ತಟ್ಟೆ ಅಲ್ಲ!” ಒಮ್ಮೆ ಮಾತ್ರ ಬುದ್ಧಿಯ ಕೆಲಸ ಸಿಕ್ಕಿತು. ಇಳಿಹಲಗೆ ಎಷ್ಟು ಉದ್ದ ಬೇಕೆಂದು ನಾನು ಕಾಗದದ ಮೇಲೆ ಲೆಕ್ಕ ಹಾಕಿ ಕೊಟ್ಟೆ. ಅಕ್ಕನನ್ನು ಕೂರಿಸುವ ಮೊದಲು ಬಾಯಮ್ಮ ತಾವೇ ಗಾಲಿಕುರ್ಚಿಯಲ್ಲಿ ಕೂತು ಇಳಿದು ನೋಡಿದರು. ಕುರ್ಚಿ ಸೀದಾ ಹೋಗಿ ದಾಸವಾಳದ ಗಿಡದೊಳಗೆ ನಿಂತಿತು. ಗಿಡದೊಳಗಿಂದ, “ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಕಲಿಸಿದ್ದಾ ಭಟ್ರೇ?” ಎಂಬ ದನಿ ಕೇಳಿತು. ವರಾಂಡದಲ್ಲಿ ಕೂತಿದ್ದ ದೊಡ್ಡ ಬಾಯಮ್ಮ ನಕ್ಕು ನಕ್ಕು ಕೆಮ್ಮತೊಡಗಿದರು.

ಕಿಟಕಿಯ ಕತೆ ಬೇರೆ. ಎಷ್ಟು ಎತ್ತರ ಎಂದು ಟೇಪಿನಲ್ಲಿ ಅಳೆಯಲು ಬಾಯಮ್ಮ ಒಪ್ಪಲಿಲ್ಲ. ಮಂಚವನ್ನೇ ಅಂಗಳಕ್ಕೆ ತರಿಸಿ, ಟ್ರೈಲರಿನ ಪಕ್ಕದಲ್ಲಿ ಅದರ ನೆಲದಷ್ಟೇ ಎತ್ತರಕ್ಕೆ ಇಟ್ಟಿಗೆಯ ಮೇಲೆ ನಿಲ್ಲಿಸಿ, ಅಕ್ಕನನ್ನು ಮಲಗಿಸಿ, ಅವರ ಕಣ್ಣು ಎಲ್ಲಿಗೆ ಬರುತ್ತದೋ ಅಲ್ಲಿ ಪ್ಲೈವುಡ್ಡಿನ ಮೇಲೆ ನೀಲಿ ಪೆನ್ನಿನಿಂದ ಗೆರೆ ಎಳೆದರು. ಬಲಕ್ಕೆ ಮಗ್ಗುಲಾದರೆ ಒಂದು ಗೆರೆ, ಅಂಗಾತ ಮಲಗಿದರೆ ಒಂದು ಗೆರೆ. ಆ ಎರಡು ಗೆರೆಯ ನಡುವೆ ಕಿಟಕಿ ಕೊರೆದರು.

ಬಾಯಮ್ಮನ ಎರಡು ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿವೆ. ಒಂದು, ನಾನು ಗಡಿಬಿಡಿ ಮಾಡಿದಾಗಲೆಲ್ಲ ಹೇಳುತ್ತಿದ್ದದ್ದು. “ರಕ್ತ ಬರ್ತಾ ಉಂಟಾ? ಇಲ್ಲ ಅಲ್ವಾ? ಹಾಗಾದ್ರೆ ನಿಧಾನ ಮಾಡುವ.” ಇನ್ನೊಂದು ಎಣಿಕೆಯದು. ಹಸಿರು ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಉಪಕರಣ. ಒಂದು ಗೋಡೆಯ ಎರಡು ಪದರ ಮುಚ್ಚುವ ಮೊದಲು ಇಪ್ಪತ್ತನಾಲ್ಕನ್ನೂ ಎಣಿಸಬೇಕು, ಥಿಯೇಟರಿನಲ್ಲಿ ಹೊಟ್ಟೆ ಹೊಲಿಯುವ ಮೊದಲು ಕತ್ತರಿ, ಬಟ್ಟೆತುಂಡು ಎಣಿಸುವ ಹಾಗೆ. ಒಬ್ಬರು ಗಟ್ಟಿಯಾಗಿ ಎಣಿಸುವುದು, ಇನ್ನೊಬ್ಬರು ಕೇಳುವುದು. ಮತ್ತೆ ಅದಲುಬದಲು ಮಾಡಿ ಇನ್ನೊಮ್ಮೆ. ಆಮೇಲೆ ಒಂದು ನೋಟುಬುಕ್ಕಿನಲ್ಲಿ ‘ಎಣಿಸಿದವರು’, ‘ಕೇಳಿದವರು’ ಎಂದು ಎರಡು ಸಹಿ. ನಾನು ಅಲ್ಲೇ ಗೀಚಿ ಮನೆಗೆ ಹೋಗುತ್ತಿದ್ದೆ. ಅವರು ಕೈ ತೊಳೆದು, ಕನ್ನಡಕ ಹಾಕಿ, ಸಾವಕಾಶವಾಗಿ ತಮ್ಮದನ್ನು ಬರೆಯುತ್ತಿದ್ದರು. “ಎಣಿಕೆ ತಪ್ಪಿದ್ರೆ ಎಣಿಸಿದವರ ತಪ್ಪಲ್ಲ ಭಟ್ರೇ, ಕೇಳಿದವರದ್ದು,” ಎನ್ನುತ್ತಿದ್ದರು. ಅದೆಂತ ನ್ಯಾಯ ಎಂದು ನಾನು ಜಗಳ ಮಾಡಿದ್ದೇನೆ. “ಎಣಿಸುವವನಿಗೆ ಮನೆಗೆ ಹೋಗುವ ಅರ್ಜೆಂಟ್ ಇರ್ತದೆ. ಕೇಳುವವನಿಗೆ ಇರಬಾರದು.”

ಗಲ್ಫಿನಲ್ಲಿ ಒಮ್ಮೆ ಎಣಿಕೆಯಲ್ಲಿ ಒಂದು ಬಟ್ಟೆತುಂಡು ಕಡಿಮೆ ಬಂತಂತೆ. ದೊಡ್ಡ ಸರ್ಜನ್, ಆತನಿಗೆ ಎಲ್ಲಿಗೋ ಊಟಕ್ಕೆ ಹೋಗಬೇಕು, ಹೊಲಿಯಿರಿ ಎಂದ. ಬಾಯಮ್ಮ ಸೂಜಿ ಕೊಡಲಿಲ್ಲ. ಬೈದ, ಕಿರುಚಿದ, ನಿನ್ನನ್ನು ಊರಿಗೆ ಕಳಿಸ್ತೇನೆ ಎಂದ. ಕೊಡಲಿಲ್ಲ. ಒಂದು ಗಂಟೆ ಹುಡುಕಿದ ಮೇಲೆ ಆ ತುಂಡು ಸಿಕ್ಕಿದ್ದು ಸರ್ಜನ್ನನ ಚಪ್ಪಲಿಯ ಅಡಿಯಲ್ಲಿ, ಅಂಟಿಕೊಂಡು. ಶಿಕ್ಷೆ ಆದದ್ದು ಮಾತ್ರ ಬಾಯಮ್ಮನಿಗೆ, ಮೂರು ತಿಂಗಳು ಥಿಯೇಟರಿನಿಂದ ವಾರ್ಡಿಗೆ. “ಆಗ್ಲಿ. ಎಣಿಸದೆ ನಾನು ಒಂದೂ ಮುಚ್ಚಲಿಲ್ಲ, ಇನ್ನೂ ಮುಚ್ಚುವುದಿಲ್ಲ,” ಎಂದಿದ್ದರು.

ಗಾಡಿಯ ನೋಂದಣಿ ಮಾಡಿಸಲು ಆರ್‌ಟಿಒ ಕಚೇರಿಗೆ ಹೋದ ದಿನವೂ ಜೊತೆಗೆ ನಾನೇ. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ, ಫೋಟೋಗಳನ್ನೆಲ್ಲ ಆಸೆಯಿಂದ ನೋಡಿದರು. “ಅಮ್ಮಾ, ಮನೆಯಲ್ಲಿ ಕಟ್ಟಿದ ಇಂಥದ್ದಕ್ಕೆ ನಮ್ಮ ನಿಯಮದಲ್ಲಿ ಹೆಸರೇ ಇಲ್ಲ,” ಎಂದರು.

“ಹೆಸರು ನಾನು ಇಡ್ತೇನೆ. ನಂಬರ್ ನೀವು ಕೊಡಿ,” ಎಂದರು ಬಾಯಮ್ಮ.

ಆಗಲಿಲ್ಲ. ಹೈವೇಗೆ ಇಳಿಸುವ ಹಾಗಿಲ್ಲ ಎಂದು ಸ್ಪಷ್ಟವಾಯಿತು. ಮನೆಯ ಗೋಡೆಯಲ್ಲಿ ಬಾಯಮ್ಮ ಒಂದು ನಕಾಶೆ ತೂಗಿಸಿ ಆಗುಂಬೆ, ಊಟಿ, ಕನ್ಯಾಕುಮಾರಿ ಎಂದು ಗುಂಡುಸೂಜಿ ಚುಚ್ಚಿದ್ದರು. ಆವತ್ತು ಬಂದು ಒಂದೊಂದೇ ಸೂಜಿ ಕಿತ್ತು ಡಬ್ಬಿಗೆ ಹಾಕಿದರು. ನೋಡಲಾಗದೆ ನಾನು ಹೊರಡಲು ಎದ್ದೆ. ಆಗ ದೊಡ್ಡ ಬಾಯಮ್ಮ ಮಂಚದಿಂದ ಹೇಳಿದರು, “ನನ್ನನ್ನು ಯಾರಾದ್ರೂ ಎಲ್ಲಿಗೆ ಹೋಗ್ಬೇಕು ಅಂತ ಕೇಳಿದ್ದೀರಾ?”

ಹೌದಲ್ಲ, ಕೇಳಿರಲೇ ಇಲ್ಲ.

“ನನಗೆ ಊಟಿ ಬೇಡ. ವಾಮಂಜೂರಿಗೆ ಹೋಗ್ಬೇಕು. ಅಜ್ಜಿ ಮನೆಯ ಗದ್ದೆ ಇತ್ತಲ್ಲ, ಅಲ್ಲಿ ಮಲಗಿ ಕಪ್ಪೆ ಕೂಗುವುದನ್ನು ಕೇಳ್ಬೇಕು.”

ವಾಮಂಜೂರು! ಕುಲಶೇಖರದಿಂದ ಬಸ್ಸು ಹತ್ತಿದರೆ ಟಿಕೆಟು ಹರಿಯುವುದರೊಳಗೆ ಬರುವ ಊರು. ಅವರ ಅಜ್ಜಿಯ ಗದ್ದೆ ಯಾವಾಗಲೋ ಕೈಬಿಟ್ಟು, ಅರ್ಧದಲ್ಲಿ ಮನೆಗಳೆದ್ದು, ಉಳಿದರ್ಧ ನನ್ನ ಒಬ್ಬ ಹಳೆಯ ವಿದ್ಯಾರ್ಥಿಯ ಕೈಯಲ್ಲಿತ್ತು. ಫೋನು ಮಾಡಿದರೆ, “ಎಷ್ಟು ದಿವಸ ಬೇಕಾದ್ರೂ ನಿಲ್ಲಿಸಿ ಸರ್,” ಎಂದ. ಒಳದಾರಿಯಿಂದ, ಭಾನುವಾರ ಬೆಳಿಗ್ಗೆ, ನಡೆಯುವ ವೇಗದಲ್ಲಿ ಎಳೆದುಕೊಂಡು ಹೋಗುವುದೆಂದು ಕಾಕ ಒಪ್ಪಿಕೊಂಡರು. ಅದೂ ನಿಯಮಕ್ಕೆ ಹೊರಗಿನದೇ. ಜೀವಮಾನವೆಲ್ಲ ಸಿಗ್ನಲ್ ದಾಟದ ಮೇಷ್ಟ್ರಾದ ನನಗೆ ಚಿಂತೆಯಿಂದ ಮಂಡೆ ಬೆಚ್ಚ ಆಗಿತ್ತು, ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಮೇ ಕೊನೆಯ ವಾರ. ಉಳಿದದ್ದು ಹಿಂಬದಿಯ ಒಂದು ಗೋಡೆ. ಆ ದಿನ ಬೆಳಿಗ್ಗೆ ಬಾಯಮ್ಮ ಅಕ್ಕನ ಹೃದಯದ ರಿಪೋರ್ಟು ತರಲು ಆಸ್ಪತ್ರೆಗೆ ಹೋಗಿದ್ದರು. ಡಾಕ್ಟರ್ ಎಂತ ಹೇಳಿದ್ರು ಎಂದು ಕೇಳಿದೆ. “ಎಂತ ಹೇಳ್ತಾರೆ, ಉಪ್ಪು ಕಡಿಮೆ ಮಾಡಿ ಅಂತ,” ಎಂದು ಡ್ರಿಲ್ ಕೈಗೆತ್ತಿಕೊಂಡರು. ಮಧ್ಯಾಹ್ನದಿಂದ ಮೋಡ ಕಟ್ಟಿ ಕತ್ತಲಾಗತೊಡಗಿತ್ತು. ಬಾಯಮ್ಮ ಅಂದು ಬೇರೆಯೇ ಆಳಾಗಿದ್ದರು. “ಬೇಗ ಭಟ್ರೇ, ಬೇಗ ಬೇಗ,” ಎನ್ನುತ್ತಿದ್ದರು. ರಕ್ತ ಬರ್ತಾ ಉಂಟಾ ಬಾಯಮ್ಮ ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ಮಳೆಗೆ ಪ್ಲೈವುಡ್ ನೆನೆದೀತೆಂಬ ಚಿಂತೆ ಎಂದುಕೊಂಡೆ.

ವಯರಿನ ಕ್ಲ್ಯಾಂಪ್ ಬಿಗಿ ಮಾಡಿ ನಾನು ಹಿಂದೆ ಸರಿದೆ. ಅವರು ಹೊರಗಿನ ಶೀಟು ಹಿಡಿದು ನಿಂತು, “ಎಣಿಸಿ,” ಎಂದರು. ಗಟ್ಟಿಯಾಗಿ ಅಲ್ಲ, ಮನಸ್ಸಿನೊಳಗೇ ಎಣಿಸಿದೆ. ಇಪ್ಪತ್ತಮೂರು. ಹತ್ತು-ಹನ್ನೊಂದು ನಂಬರಿನ ಪಾನ ಇರಲಿಲ್ಲ. ಟಾರ್ಪಾಲಿನ ಕೆಳಗೆಲ್ಲೋ ಬಿದ್ದಿರಬೇಕು, ನಾಳೆ ಹುಡುಕಿದರಾಯಿತು. ಸೊಂಟ ನೋಯುತ್ತಿತ್ತು, ಹೆಂಡತಿ ಗೋಡೆಯಾಚೆಯಿಂದ ಮೂರು ಸಲ ಕರೆದಾಗಿತ್ತು, ಮೊದಲ ಹನಿ ಕೈಮೇಲೆ ಬಿತ್ತು. “ಇಪ್ಪತ್ತನಾಲ್ಕು, ಸರಿ ಉಂಟು,” ಎಂದೆ.

ಬಾಯಮ್ಮ ಒಮ್ಮೆ ಪೆಟ್ಟಿಗೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಸರಿಯಾ?”

“ಸರಿ.”

ಎರಡನೇ ಎಣಿಕೆ ಮಾಡಿಸಲಿಲ್ಲ. ಶೀಟು ಮುಚ್ಚಿ ರಿವೆಟ್ ಹೊಡೆದರು. ಬಾಯಮ್ಮನಿಗೂ ಕೊನೆಗೆ ನನ್ನ ಮೇಲೆ ನಂಬಿಕೆ ಬಂತು ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಗಣಿತದ ಮೇಷ್ಟ್ರು ನೋಡಿ!

ಆ ಭಾನುವಾರ ಬೆಳಿಗ್ಗೆ ದೊಡ್ಡ ಬಾಯಮ್ಮ ಹಬ್ಬದ ಸೀರೆ ಉಟ್ಟು, ಕುರ್ಚಿಯಲ್ಲಿ ಕೂತು, ಇಳಿಹಲಗೆಯ ಮೇಲಿಂದ ಯಾರೂ ಎತ್ತದೆ ಒಳಗೆ ಹೋದರು. ಒಳಗೆ ಮಂಚ, ಸ್ಟವ್ವು, ಪರದೆಯ ಹಿಂದೆ ಅವರದೇ ಬಚ್ಚಲು. ಕಾಕನ ಪಿಕಪ್ ಎಳೆಯತೊಡಗಿತು. ಅಕ್ಕನನ್ನು ಹಿಡಿದುಕೊಂಡು ಬಾಯಮ್ಮ, ಹಿಂದಿನ ಗೋಡೆಗೆ ಒರಗಿ ಸ್ಟೂಲಿನ ಮೇಲೆ ನಾನು. ಮೊದಲನೆಯ ಉಬ್ಬು ದಾಟಿದಾಗ ನನ್ನ ಬೆನ್ನ ಹಿಂದೆ ಶಬ್ದವಾಯಿತು. ಟಿಣ್.

ಪಾನ ಟಾರ್ಪಾಲಿನ ಕೆಳಗೆ ಇರಲಿಲ್ಲ. ಕ್ಲ್ಯಾಂಪ್ ಬಿಗಿ ಮಾಡಿ ನಾನೇ ಒಳಗಿನ ಅಡ್ಡಪೈಪಿನ ಮೇಲೆ ಇಟ್ಟು ಮರೆತಿದ್ದೆ.

“ಎಂತ ಅದು ಶಬ್ದ?” ಎಂದರು ದೊಡ್ಡ ಬಾಯಮ್ಮ.

ಬಾಯಮ್ಮ ನನ್ನ ಕಡೆ ತಿರುಗಲಿಲ್ಲ. “ಗಂಟೆ. ಗಾಡಿ ಹೋಗ್ತಾ ಉಂಟು ಅಂತ ನಿನಗೆ ಗೊತ್ತಾಗ್ಲಿಕ್ಕೆ.”

“ಹಾಗಾದ್ರೆ ಇರ್ಲಿ. ಚಂದ ಉಂಟು.”

ದಾರಿಯುದ್ದಕ್ಕೂ ಟಿಣ್, ಟಿಣ್. ಪ್ರತಿ ಸಲವೂ ನಾನು ಕುಗ್ಗುತ್ತಿದ್ದೆ, ದೊಡ್ಡ ಬಾಯಮ್ಮ ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ಶಬ್ದ ನಿಂತಾಗ ಅವರೇ, “ಬಂತಲ್ಲ ವಾಮಂಜೂರು!” ಎಂದರು.

ಕಿಟಕಿ ತೆರೆದರೆ ಗದ್ದೆ. ಆಚೆ ಕಾಲೇಜಿನ ಹಾಸ್ಟೆಲ್, ಒಣಹಾಕಿದ ಹುಡುಗರ ಬಟ್ಟೆ. ಈಚೆ ನಾಲ್ಕು ಮಳೆಗೆ ನೀರು ನಿಂತ ಕಂಬಳಗದ್ದೆಯಷ್ಟು ಅಗಲದ ಜಾಗ, ಕೊಕ್ಕರೆಗಳು. ದೊಡ್ಡ ಬಾಯಮ್ಮ ಬಲಕ್ಕೆ ಮಗ್ಗುಲಾದರು. ನೀಲಿ ಗೆರೆ ಎಳೆದ ಲೆಕ್ಕ ಒಂದು ಕೂದಲೂ ತಪ್ಪಿರಲಿಲ್ಲ. “ಈ ಪುಣಿಯಲ್ಲಿ ನಾನು ಓಡ್ತಿದ್ದೆ. ಇವಳು ಹಿಂದಿನಿಂದ ಬಂದು ಬೀಳ್ತಿದ್ಲು,” ಎಂದು ಗದ್ದೆಯ ಬದುವನ್ನು ತೋರಿಸಿದರು. ಬಾಯಮ್ಮ ಅಕ್ಕನನ್ನು ಕುರ್ಚಿಗೆ ಕೂರಿಸಿ ಇಳಿಹಲಗೆಯ ತುದಿಯವರೆಗೆ ತಂದು, ನೆಲಕ್ಕೆ ಕೂತು, ಅಕ್ಕನ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದು ಕೆಸರಿನ ಮೇಲಿಟ್ಟರು. “ತಂಪುಂಟಾ?” ಎಂದು ಕೇಳಿದರು. “ಉಂಟು,” ಎಂದರು ಅಕ್ಕ. ನಾನು ಕೊಕ್ಕರೆ ನೋಡುವ ನೆವದಲ್ಲಿ ಆಚೆ ಹೋಗಿ ಕಣ್ಣೊರೆಸಿಕೊಂಡೆ.

ಎರಡು ದಿನಕ್ಕೆಂದು ಹೋದವರು ಐದು ದಿನ ನಿಂತರು. ಕಪ್ಪೆಗಳು ಒಂದು ದಿನವೂ ಮೋಸ ಮಾಡಲಿಲ್ಲವಂತೆ. ವಾಪಸು ಬಂದ ಮರುದಿನ ಮಳೆ ಹಿಡಿಯಿತು, ಬಿಡಲೇ ಇಲ್ಲ. ಜುಲೈ ಮುಗಿಯುವ ಮೊದಲು ದೊಡ್ಡ ಬಾಯಮ್ಮ ತೀರಿಕೊಂಡರು. ಎರಡನೇ ಸಲ ಸಮುದ್ರಕ್ಕೆ ಹೋಗುವುದೆಂದು ಮಾತಾಗಿತ್ತು, ಅದು ಆಗಲಿಲ್ಲ.

ಬಾಯಮ್ಮ ಆಮೇಲೆ ಮೂರು ವರ್ಷ ಇದ್ದರು. ಟ್ರೈಲರು ಅಂಗಳದಲ್ಲೇ ನಿಂತಿತ್ತು. ಸಂಜೆ ಅದರೊಳಗೆ ಕೂತು ನಾವು ಚಹಾ ಕುಡಿಯುತ್ತಿದ್ದೆವು, ನಾನು ನನ್ನ ಲೋಟದಲ್ಲಿ. ತಪ್ಪು ಒಪ್ಪಿಕೊಳ್ಳಬೇಕೆಂದು ನಾನು ಎಷ್ಟು ಸಲ ಬಾಯಿ ತೆರೆದೆನೋ. “ಬಾಯಮ್ಮ, ಆ ಹಿಂದಿನ ಗೋಡೆ...” ಎನ್ನುವಷ್ಟರಲ್ಲಿ, “ಚಹಾ ತಣಿತದೆ, ಕುಡೀರಿ,” ಎನ್ನುತ್ತಿದ್ದರು. ಹತ್ತು ನಂಬರಿನ ನಟ್ಟು ತಿರುಗಿಸಬೇಕಾದಾಗ ಇಕ್ಕಳ ಹಿಡಿದು ಒದ್ದಾಡುತ್ತಿದ್ದರೇ ಹೊರತು ಹೊಸ ಪಾನ ತರಲಿಲ್ಲ. ಹಾಗಾಗಿ ಅವರಿಗೆ ಅನುಮಾನ ಇರಬಹುದು, ಮರ್ಯಾದೆಗೆ ಸುಮ್ಮನಿದ್ದಾರೆ ಎಂದುಕೊಂಡೆ. ಎಣಿಸದೆ ಮುಚ್ಚದ ಹೆಂಗಸಿಗೆ ನಾನೊಬ್ಬ ಮೋಸ ಮಾಡಿದೆ ಎಂಬುದು ಮಾತ್ರ ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಹಸಿರು ಪೆಟ್ಟಿಗೆ ಬಂದ ದಿನ ಅಭ್ಯಾಸಬಲದಿಂದ ಎಣಿಸಿದೆ. ಇಪ್ಪತ್ತಮೂರು. ಅಡಿಯಲ್ಲಿ ಆ ನೋಟುಬುಕ್ಕು ಇತ್ತು. ಕೊನೆಯ ಗೋಡೆಯ ಪುಟ ತೆರೆದೆ. ‘ಎಣಿಸಿದವರು’ ಎಂಬಲ್ಲಿ ನನ್ನ ಗೀಚು ಸಹಿ, 24. ಅದರ ಮುಂದೆ ಬಾಯಮ್ಮನ ದುಂಡು ಅಕ್ಷರ, ಅದೇ ದಿನದ ತಾರೀಕು:

‘ಕೇಳಿದವರು ನಾನು. 23. ಹತ್ತು-ಹನ್ನೊಂದರ ಪಾನ ಗೋಡೆ ಒಳಗೆ ಉಂಟು, ಭಟ್ರು ಅಲ್ಲಿ ಇಟ್ಟದ್ದು, ಅದು ಥರ್ಮೋಕೋಲಿನ ಹಿಂದೆ ಜಾರಿ ಬಿದ್ದದ್ದು ನೋಡಿದ್ದೇನೆ. ಅದು ಕೈಗೆ ಸಿಗಬೇಕಾದರೆ ಒಳಗಿನ ಪ್ಲೈವುಡ್ ಎಲ್ಲ ಬಿಚ್ಚಬೇಕು, ಈ ಭಾನುವಾರ ತಪ್ಪಿಹೋಗ್ತದೆ. ಇವತ್ತು ಡಾಕ್ಟರ್ ಹೇಳಿದ್ದು ಕೇಳಿದರೆ ಅಕ್ಕನಿಗೆ ಇನ್ನೊಂದು ಭಾನುವಾರ ಕಾಯಲು ಆಗುವುದಿಲ್ಲ. ಗೊತ್ತಿದ್ದೇ ಮುಚ್ಚಿದ್ದೇನೆ. ತಪ್ಪು ಕೇಳಿದವರದ್ದು.’

ಕೆಳಗೆ ಸಹಿ.

ಇನ್ನೊಮ್ಮೆ ಓದಿದೆ. ನನ್ನ ಸುಳ್ಳಿಗೆ ಅವರು ಮೋಸಹೋದದ್ದಲ್ಲ. ಸರ್ಜನ್ನನಿಗೆ ಸೂಜಿ ಕೊಡದ ಆ ಕೈ, ಜೀವಮಾನದಲ್ಲಿ ಒಂದೇ ಒಂದು ಸಲ, ಅಕ್ಕನಿಗೋಸ್ಕರ ಎಣಿಕೆ ಸರಿಯಾಗದೆ ಮುಚ್ಚಿತ್ತು. ನನ್ನನ್ನು ತಡೆದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು, ಆ ಕಾರಣ ಬಾಯಿಂದ ಹೊರಗೆ ಬರುವುದು ಅವರಿಗೆ ಬೇಕಿರಲಿಲ್ಲ. ಆ ದಿನ ರಕ್ತ ಬರುತ್ತಿತ್ತು. ನಾನು ತಮಾಷೆ ಮಾಡಿದೆ. ಅಯ್ಯೋ ಬಾಯಮ್ಮ, ಒಂದು ಮಾತು ಹೇಳಿದ್ದರೆ ಜೊತೆಗೆ ಅಳುತ್ತಿರಲಿಲ್ಲವೇ ನಾನು?

ಟ್ರೈಲರನ್ನು ವಾಮಂಜೂರಿನ ಆಚೆ ವೃದ್ಧೆಯರನ್ನು ನೋಡಿಕೊಳ್ಳುವ ಒಂದು ಮನೆಗೆ ಕೊಡಬೇಕೆಂದು ಚೀಟಿಯಲ್ಲಿ ಬರೆದಿದ್ದರು, ತೋಟದ ಮೂಲೆಯಲ್ಲಿ ನಿಲ್ಲಿಸಿ ಏಳಲಾಗದವರನ್ನು ಆ ಕಿಟಕಿಯ ಹತ್ತಿರ ಮಲಗಿಸಲಿ ಎಂದು. ಮೊನ್ನೆ ಭಾನುವಾರ ಕಾಕ ಪಿಕಪ್ ತಂದರು. ಅದಕ್ಕೂ ಮೊದಲು ನಾನು ನೋಟುಬುಕ್ಕಿನಲ್ಲಿ ಹೊಸ ಸಾಲು ಬರೆದೆ. ಪೆಟ್ಟಿಗೆಯಲ್ಲಿ 23, ಗೋಡೆಯಲ್ಲಿ 1. ‘ಎಣಿಸಿದವರು’ ಎಂಬಲ್ಲಿ ಸಹಿ ಹಾಕಿದೆ. ‘ಕೇಳಿದವರು’ ಎಂಬಲ್ಲಿ ಹಾಕುವವರು ಇರಲಿಲ್ಲ, ಖಾಲಿ ಬಿಟ್ಟೆ.

ಗೇಟಿನ ಉಬ್ಬು ದಾಟುವಾಗ ಟಿಣ್ ಎಂದಿತು. ಕಾಕ ಬ್ರೇಕ್ ಹಾಕಿ ಇಳಿದು ಬಂದರು.

“ಒಳಗೆ ಎಂತದೋ ಬಿಟ್ಟುಹೋಗಿದೆ ಭಟ್ರೇ. ಬಿಚ್ಚಿ ನೋಡುವನಾ?”

“ಬೇಡ ಕಾಕ. ಇಪ್ಪತ್ತನಾಲ್ಕೂ ಸರಿ ಉಂಟು. ಎಣಿಸಿದ್ದೇನೆ.”

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಆ ಶಬ್ದ ಕೇಳುತ್ತಾ ಗೇಟಿನಲ್ಲೇ ನಿಂತಿದ್ದೆ. ಆಮೇಲೆ ಒಳಗೆ ಬಂದು, ಕೈ ತೊಳೆದು, ಕನ್ನಡಕ ಹಾಕಿಕೊಂಡು, ಖಾಲಿ ಬಿಟ್ಟ ಜಾಗದಲ್ಲಿ ನಾನೇ ಸಹಿ ಹಾಕಿದೆ.